ಲಿನಕ್ಸ್ ಗಣಕದಲ್ಲಿ ಜಾಲದ ಕಡತಕೋಶಕ್ಕೆ ಸಂಕುಚಿತ ಕಡತಗಳನ್ನು ಬಿಡಿಸುವಿಕೆ

ಜಾಲದ ಕಡತಕೋಶಕ್ಕೆ ಸಂಕುಚಿತ ಕಡತಗಳನ್ನು ಬಿಡಿಸುವಿಕೆ ಎಂದರೆ ಜಿಪ್, ಟಾರ್, ಸೆವೆನ್-ಜಿಪ್, ರಾರ್ ಮೊದಲಾದ ರೂಪಗಳಲ್ಲಿ ಒಟ್ಟುಗೂಡಿಸಿಟ್ಟ ಕಡತಗಳ ಗಂಟನ್ನು ಬಿಚ್ಚಿ, ಅದರೊಳಗಿನ ಕಡತಗಳನ್ನು ಅದೇ ಗಣಕದ ಡಿಸ್ಕಿಗೆ ಬದಲಾಗಿ ಜಾಲದ ಮೂಲಕ ತಲುಪಬಹುದಾದ ಇನ್ನೊಂದು ಗಣಕದ ಅಥವಾ ಸರ್ವರಿನ ಕಡತಕೋಶದಲ್ಲಿ (ಫೋಲ್ಡರಿನಲ್ಲಿ) ಇಳಿಸುವ ಕ್ರಿಯೆ. ಲಿನಕ್ಸ್ ಗಣಕಗಳಲ್ಲಿ ಈ ಕ್ರಿಯೆಯು ಹಲವು ಬಾರಿ ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಆರಂಭವಾಗುವುದೇ ಇಲ್ಲ. ಆಗ ತೆರೆಯ ಮೇಲೆ ಮೂಡುವ ಸಂದೇಶವು ಸಾಮಾನ್ಯವಾಗಿ "ಈ ಕೋಶದಲ್ಲಿ ಬಿಡಿಸಲು ನಿಮಗೆ ಅನುಮತಿಯಿಲ್ಲ" ಎಂಬ ಅರ್ಥದ್ದಾಗಿರುತ್ತದೆ. ಅನುಮತಿಯ ಕೊರತೆಯು ಇದರ ಕಾರಣಗಳಲ್ಲಿ ಒಂದು ಮಾತ್ರ. ವಿಳಾಸದ ರೂಪ, ಕಡತದ ಹೆಸರಿನ ಉದ್ದ, ಹೆಸರಿನಲ್ಲಿರುವ ಚಿಹ್ನೆಗಳು, ತಾತ್ಕಾಲಿಕ ಸ್ಥಳದ ಅಭಾವ, ಜಾಲದ ನಿಯಮಾವಳಿಯ ಆವೃತ್ತಿ ಇವುಗಳಿಂದಲೂ ಕೆಲಸ ಕೆಡುತ್ತದೆ. ಕನ್ನಡದಲ್ಲಿ ಹೆಸರಿಸಿದ ಕಡತಗಳಿಗೆ ಇವುಗಳ ಪೈಕಿ ಕೆಲವು ತೊಡಕುಗಳು ಇಂಗ್ಲಿಷ್ ಹೆಸರಿನ ಕಡತಗಳಿಗಿಂತ ಬೇಗನೆ ಎದುರಾಗುತ್ತವೆ.

ಹಿನ್ನೆಲೆ

ಕಡತಗಳನ್ನು ಒಟ್ಟುಗೂಡಿಸುವ ಟಾರ್ ಎಂಬ ಸಾಧನವು 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಳಕೆಗೆ ಬಂದಿತು. ಜಿಪ್ ರೂಪವನ್ನು ಫಿಲ್ ಕಾಟ್ಜ್ 1989ರಲ್ಲಿ ಪ್ರಕಟಿಸಿದರು. ಜಾಲದ ಮೂಲಕ ಕಡತಗಳನ್ನು ಹಂಚಿಕೊಳ್ಳುವ ವಿಧಾನಗಳ ಪೈಕಿ ಎಸ್‌ಎಂಬಿಯು 1983ರಲ್ಲಿ ಐಬಿಎಂ ಸಂಸ್ಥೆಯಲ್ಲಿ ರೂಪುಗೊಂಡು, ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಮೂಲಕ ಪ್ರಚಾರ ಪಡೆಯಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ಎನ್‌ಎಫ್‌ಎಸ್ ಎಂಬ ವಿಧಾನವನ್ನು ಹೊರತಂದಿತು. ಯುನಿಕ್ಸ್ ಗಣಕವು ಎಸ್‌ಎಂಬಿಯ ಭಾಷೆಯಲ್ಲಿ ಮಾತನಾಡುವಂತೆ ಮಾಡಿದ ಸಾಂಬಾ ತಂತ್ರಾಂಶವನ್ನು ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ ಆರಂಭಿಸಿದರು.

ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದಲ್ಲಿ ದೂರದ ಕೋಶಗಳನ್ನು ತೆರೆಯಲು ಜಿವಿಎಫ್‌ಎಸ್ ಎಂಬ ವ್ಯವಸ್ಥೆ 2008ರಿಂದ ಬಳಕೆಯಲ್ಲಿದೆ. ಕೆಡಿಇ ಪರಿಸರದಲ್ಲಿ ಇದೇ ಕೆಲಸವನ್ನು ಕೆಐಒ ಮಾಡುತ್ತದೆ. ಇವುಗಳ ಮೂಲಕ ದೂರದ ಕೋಶವು ಕಡತ ವ್ಯವಸ್ಥಾಪಕದ ಕಿಟಕಿಯಲ್ಲಿ ಸ್ವಂತ ಗಣಕದ ಕೋಶದಂತೆಯೇ ಕಾಣಿಸುತ್ತದೆ. ನೋಟಕ್ಕೆ ಒಂದೇ ಆದರೂ ಒಳಗಿನ ವ್ಯವಸ್ಥೆ ಬೇರೆಯದು. ತೊಂದರೆಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಕ್ರಿಯೆಯ ಐದು ಹಂತಗಳು

ಬಳಕೆದಾರರು "ಹೊರತೆಗೆ" ಎಂಬ ಒಂದೇ ಗುಂಡಿಯನ್ನು ಒತ್ತಿದರೂ ಗಣಕವು ಐದು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ.

1. ಗಂಟನ್ನು ಓದುವುದು ಮತ್ತು ಅದರಲ್ಲಿರುವ ಕಡತಗಳ ಪಟ್ಟಿಯನ್ನು ತಿಳಿಯುವುದು.
2. ಒತ್ತಿ ಚಿಕ್ಕದಾಗಿಸಿದ ದತ್ತಾಂಶವನ್ನು ಮೂಲ ಗಾತ್ರಕ್ಕೆ ಹಿಗ್ಗಿಸುವುದು.
3. ಗುರಿಯ ಕೋಶದಲ್ಲಿ ಪ್ರತಿ ಕಡತಕ್ಕೂ ಹೆಸರು ಕೊಟ್ಟು ಸ್ಥಾನ ಕಲ್ಪಿಸುವುದು.
4. ಹಿಗ್ಗಿಸಿದ ದತ್ತಾಂಶವನ್ನು ಆ ಕಡತದಲ್ಲಿ ಬರೆಯುವುದು.
5. ಕಡತದ ದಿನಾಂಕ, ಒಡೆತನ, ಓದು-ಬರೆಹದ ಅನುಮತಿ ಮೊದಲಾದ ಗುಣಗಳನ್ನು ಮೂಲದಲ್ಲಿದ್ದಂತೆ ಹೊಂದಿಸುವುದು.

ಗುರಿಯ ಕೋಶವು ಸ್ವಂತ ಡಿಸ್ಕಿನಲ್ಲಿದ್ದರೆ ಈ ಐದೂ ಒಂದೇ ಗಣಕದ ಒಳಗೆ ಮುಗಿಯುತ್ತವೆ. ಗುರಿಯು ಜಾಲದಲ್ಲಿದ್ದರೆ ಕೊನೆಯ ಮೂರು ಹಂತಗಳಿಗೆ ದೂರದ ಸರ್ವರಿನ ಒಪ್ಪಿಗೆ ಬೇಕಾಗುತ್ತದೆ. ಸರ್ವರಿನ ಕಡತ ವ್ಯವಸ್ಥೆಯ ನಿಯಮಗಳೂ ನಡುವಿನ ನಿಯಮಾವಳಿಯ ಮಿತಿಗಳೂ ಅನ್ವಯಿಸುತ್ತವೆ. ಯಾವ ಹಂತದಲ್ಲಿ ಕೆಲಸ ನಿಂತಿತು ಎಂಬುದನ್ನು ಗುರುತಿಸುವುದೇ ದೋಷಪತ್ತೆಯ ತಿರುಳು.

ಸಾಮಾನ್ಯ ಕಾರಣಗಳು

ವಿಳಾಸ ಮತ್ತು ಪಥದ ವ್ಯತ್ಯಾಸ

ಸ್ವಂತ ಗಣಕದ ಕೋಶಕ್ಕೆ ಓರೆಗೆರೆಯಿಂದ ಆರಂಭವಾಗುವ ಪಥವಿರುತ್ತದೆ. ಜಿವಿಎಫ್‌ಎಸ್ ಮೂಲಕ ತೆರೆದ ದೂರದ ಕೋಶಕ್ಕೆ ಎಸ್‌ಎಂಬಿ ಅಥವಾ ಎಸ್‌ಎಫ್‌ಟಿಪಿ ಎಂಬ ಪದದಿಂದ ಮೊದಲಾಗುವ, ಜಾಲತಾಣದ ವಿಳಾಸವನ್ನು ಹೋಲುವ ವಿಳಾಸವಿರುತ್ತದೆ. ಅನ್‌ಜಿಪ್, ಟಾರ್ ಮೊದಲಾದ ಆಜ್ಞಾಸಾಲಿನ ಸಾಧನಗಳಿಗೆ ಇಂತಹ ವಿಳಾಸ ಅರ್ಥವಾಗುವುದಿಲ್ಲ. ಅವುಗಳಿಗೆ ಪಥವೇ ಬೇಕು. ಗ್ನೋಮಿನ ಫೈಲ್ ರೋಲರ್ ಹಲವು ರೂಪಗಳಿಗೆ ಇಂತಹ ಸಾಧನಗಳನ್ನೇ ಹಿನ್ನೆಲೆಯಲ್ಲಿ ಅವಲಂಬಿಸುವುದರಿಂದ, ಗಂಟನ್ನು ಮೊದಲು ತಾತ್ಕಾಲಿಕ ಕೋಶದಲ್ಲಿ ಬಿಡಿಸಿ ಅನಂತರ ದೂರಕ್ಕೆ ನಕಲಿಸುತ್ತದೆ. ಈ ಎರಡರಲ್ಲಿ ಯಾವುದು ವಿಫಲವಾದರೂ ಬಳಕೆದಾರರಿಗೆ ಕಾಣುವುದು ಒಂದೇ ಬಗೆಯ ಸಂದೇಶ. 2016ರ ಅನಂತರದ ಗ್ನೋಮ್ ಆವೃತ್ತಿಗಳಲ್ಲಿ ಕಡತ ವ್ಯವಸ್ಥಾಪಕವೇ ಸಾಮಾನ್ಯ ರೂಪಗಳನ್ನು ನೇರವಾಗಿ ಬಿಡಿಸುತ್ತದೆ. ಹೀಗಾಗಿ ಫೈಲ್ ರೋಲರ್‌ನಲ್ಲಿ ಕೆಡುವ ಕೆಲಸ ಕಡತ ವ್ಯವಸ್ಥಾಪಕದಲ್ಲಿ ಸರಾಗವಾಗಿ ನಡೆಯುವುದೂ ಉಂಟು, ಇದರ ವಿಲೋಮವೂ ಉಂಟು.

ಪಥವನ್ನು ಮಾತ್ರ ಬಲ್ಲ ಸಾಧನಗಳಿಗಾಗಿ ಜಿವಿಎಫ್‌ಎಸ್ ಇನ್ನೊಂದು ದಾರಿಯನ್ನು ತೆರೆದಿಟ್ಟಿದೆ. ಫ್ಯೂಸ್ ಎಂಬ ತಂತ್ರದ ಮೂಲಕ ದೂರದ ಕೋಶವು ರನ್ ಎಂಬ ಕೋಶದೊಳಗಿನ ಯೂಸರ್, ಅದರೊಳಗಿನ ಬಳಕೆದಾರರ ಗುರುತುಸಂಖ್ಯೆ, ಅದರೊಳಗಿನ ಜಿವಿಎಫ್‌ಎಸ್ ಎಂಬ ಸರಣಿಯಲ್ಲಿ ಸಾಮಾನ್ಯ ಪಥವಾಗಿಯೂ ದೊರೆಯುತ್ತದೆ. ಆದರೆ ಎಫ್‌ಟಿಪಿ, ವೆಬ್‌ಡ್ಯಾವ್ ಮೊದಲಾದ ವಿಧಾನಗಳಲ್ಲಿ ಕಡತದ ನಡುಭಾಗಕ್ಕೆ ಹೋಗಿ ಬರೆಯುವ ಸೌಲಭ್ಯವಿರುವುದಿಲ್ಲವಾದ್ದರಿಂದ ಈ ದಾರಿಯು ಎಲ್ಲ ಸಂದರ್ಭಗಳಲ್ಲಿ ಸಾಗುವುದಿಲ್ಲ. ಫ್ಲ್ಯಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದಲ್ಲಿ ಅಳವಡಿಸಿದ ತಂತ್ರಾಂಶಗಳು ತಮ್ಮ ಆವರಣದ ಹೊರಗಿನ ಕೋಶಗಳನ್ನು ಕಾಣಲು ಪ್ರತ್ಯೇಕ ಅನುಮತಿ ಪಡೆದಿರಬೇಕು.

ಅನುಮತಿ

ಅನುಮತಿಯ ಪರೀಕ್ಷೆಯು ಎರಡು ಕಡೆ ನಡೆಯುತ್ತದೆ. ಸಾಂಬಾದಲ್ಲಿ ಹಂಚಿಕೊಂಡ ಕೋಶವು, ಬೇರೆ ರೀತಿಯಲ್ಲಿ ಸೂಚಿಸದ ಹೊರತು, ಓದಲು ಮಾತ್ರ ದೊರೆಯುತ್ತದೆ. ಸಾಂಬಾದ ಸಂರಚನೆಯಲ್ಲಿ ಬರೆಯಲು ಅವಕಾಶ ಕೊಟ್ಟಿದ್ದರೂ ಸರ್ವರಿನ ಡಿಸ್ಕಿನಲ್ಲಿ ಆ ಕೋಶದ ಒಡೆತನ ಬೇರೆ ಬಳಕೆದಾರರದಾಗಿದ್ದರೆ ಬರೆಹ ಸಾಧ್ಯವಾಗುವುದಿಲ್ಲ. ಎರಡು ಬಾಗಿಲುಗಳೂ ತೆರೆದಿರಬೇಕು. ಫೆಡೋರಾದಂತಹ ವಿತರಣೆಗಳಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯು ಮೂರನೆಯ ಬಾಗಿಲಾಗಿರುತ್ತದೆ.

ಎನ್‌ಎಫ್‌ಎಸ್ ವಿಧಾನವು ತನ್ನ ಸಾಮಾನ್ಯ ರೂಪದಲ್ಲಿ ಬಳಕೆದಾರರ ಹೆಸರನ್ನು ನೋಡದೆ ಗುರುತುಸಂಖ್ಯೆಯನ್ನು ನೋಡುತ್ತದೆ. ಉಬುಂಟು ಮೊದಲಾದ ವಿತರಣೆಗಳಲ್ಲಿ ಮೊದಲು ಸೃಷ್ಟಿಯಾದ ಬಳಕೆದಾರರಿಗೆ 1000 ಎಂಬ ಸಂಖ್ಯೆ ದೊರೆಯುತ್ತದೆ. ಆದುದರಿಂದ ಎರಡು ಗಣಕಗಳಲ್ಲಿ ಬೇರೆ ಬೇರೆ ಹೆಸರಿನ ಇಬ್ಬರು ಸರ್ವರಿನ ಕಣ್ಣಿಗೆ ಒಬ್ಬರೇ ಆಗಿ ಕಾಣಬಹುದು. ಒಂದೇ ಹೆಸರಿನವರು ಸಂಖ್ಯೆ ಬೇರೆಯಾದ ಕಾರಣ ಅಪರಿಚಿತರಾಗಬಹುದು.

ಅನುಮತಿಯ ಸಂದೇಶ ಕಂಡೊಡನೆ ಸುಡೊ ಆಜ್ಞೆಯ ಮೂಲಕ ಮೇಲ್ವಿಚಾರಕರ ಅಧಿಕಾರವನ್ನು ಬಳಸುವುದು ಸಾಮಾನ್ಯ ತಪ್ಪು. ಜಿವಿಎಫ್‌ಎಸ್ ತೆರೆದ ಕೋಶವು ಅದನ್ನು ತೆರೆದ ಬಳಕೆದಾರರಿಗೆ ಮಾತ್ರ ಸೇರಿದ್ದು. ಮೇಲ್ವಿಚಾರಕರಿಗೂ ಅಲ್ಲಿ ಪ್ರವೇಶವಿರುವುದಿಲ್ಲ. ಎನ್‌ಎಫ್‌ಎಸ್ ಸರ್ವರುಗಳು ಸಹ ದೂರದಿಂದ ಬಂದ ಮೇಲ್ವಿಚಾರಕರನ್ನು ಸಾಮಾನ್ಯವಾಗಿ ಯಾವ ಹಕ್ಕೂ ಇಲ್ಲದ ಬಳಕೆದಾರರನ್ನಾಗಿ ಪರಿಗಣಿಸುತ್ತವೆ. ಹೀಗಾಗಿ ಅಧಿಕಾರ ಹೆಚ್ಚಿಸಿಕೊಂಡಂತೆ ಕೆಲಸವು ಇನ್ನಷ್ಟು ಕಗ್ಗಂಟಾಗುತ್ತದೆ.

ಗುಣಗಳ ಮರುಸ್ಥಾಪನೆ

ಕಡತಗಳೆಲ್ಲವೂ ದೂರದ ಕೋಶವನ್ನು ತಲುಪಿದ ಮೇಲೂ ದೋಷದ ಸಂದೇಶ ಬರುವುದುಂಟು. ಇದು ಐದನೆಯ ಹಂತದ ತೊಂದರೆ. ದಿನಾಂಕವನ್ನಾಗಲಿ ಅನುಮತಿಯನ್ನಾಗಲಿ ಬದಲಿಸಲು ದೂರದ ವ್ಯವಸ್ಥೆ ಒಪ್ಪದಿದ್ದಾಗ ಸಾಧನವು ವಿಫಲವಾಯಿತೆಂದು ವರದಿ ಮಾಡುತ್ತದೆ. ದತ್ತಾಂಶಕ್ಕೆ ಮಾತ್ರ ಯಾವ ಹಾನಿಯೂ ಆಗಿರುವುದಿಲ್ಲ. ಟಾರ್ ಸಾಧನದಲ್ಲಿ ಮೂಲ ಒಡೆತನವನ್ನೂ ದಿನಾಂಕವನ್ನೂ ಬಿಟ್ಟುಬಿಡುವ ಆಯ್ಕೆಗಳಿವೆ. ಅನ್‌ಜಿಪ್ ಸಾಧನದಲ್ಲಿಯೂ ದಿನಾಂಕವನ್ನು ಮರುಸ್ಥಾಪಿಸದಿರುವ ಆಯ್ಕೆಯಿದೆ. ಗಂಟಿನಲ್ಲಿ ಸಾಂಕೇತಿಕ ಕೊಂಡಿಗಳಿದ್ದರೆ (ಸಿಂಬಾಲಿಕ್ ಲಿಂಕ್) ಅವನ್ನು ಎಸ್‌ಎಂಬಿ ಕೋಶದಲ್ಲಿ ಸೃಷ್ಟಿಸಲಾಗದೆ ಕೆಲಸ ನಿಲ್ಲಬಹುದು. ಇದು ತಂತ್ರಾಂಶಗಳ ಮೂಲ ಆಕರಗಳಿರುವ ಟಾರ್ ಗಂಟುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಸ್ಥಳಾಭಾವ ಮತ್ತು ಗಾತ್ರದ ಮಿತಿ

ದೂರದ ಸರ್ವರಿನಲ್ಲಿ ಸಾಕಷ್ಟು ಸ್ಥಳವಿದ್ದರೂ ಸ್ವಂತ ಗಣಕದ ತಾತ್ಕಾಲಿಕ ಕೋಶ ತುಂಬಿದ್ದರೆ ಕೆಲಸ ನಡೆಯದು. ಕೆಲವು ವಿತರಣೆಗಳಲ್ಲಿ ತಾತ್ಕಾಲಿಕ ಕೋಶವು ಡಿಸ್ಕಿನಲ್ಲಿರದೆ ಗಣಕದ ಸ್ಮೃತಿಯಲ್ಲಿ (ರ‍್ಯಾಮ್) ಇರುತ್ತದೆ. ಅಲ್ಲಿ ದೊಡ್ಡ ಗಂಟು ಹಿಡಿಯುವುದಿಲ್ಲ. ರೌಟರಿಗೆ ಜೋಡಿಸಿದ ಪೆನ್ ಡ್ರೈವನ್ನೇ ಹಂಚಿಕೊಂಡಿದ್ದರೆ ಅದು ಎಫ್‌ಎಟಿ 32 ರೂಪದಲ್ಲಿರುವ ಸಂಭವವಿದೆ. ಆ ರೂಪದಲ್ಲಿ 4 ಗಿಗಾಬೈಟ್ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗುವುದಿಲ್ಲ. ಎಷ್ಟೇ ಖಾಲಿ ಜಾಗವಿದ್ದರೂ ದೀರ್ಘ ವೀಡಿಯೊ ಕಡತವು ಆ ಮಿತಿಯಲ್ಲಿ ನಿಂತುಹೋಗುತ್ತದೆ.

ನಿಯಮಾವಳಿಯ ಆವೃತ್ತಿ

2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶವು ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿನ ದೋಷವನ್ನು ಬಳಸಿಕೊಂಡು ಜಗತ್ತಿನಾದ್ಯಂತ ಹರಡಿತು. ಅದೇ ವರ್ಷ ಲಿನಕ್ಸ್ ತಿರುಳಿನ 4.13ನೆಯ ಆವೃತ್ತಿಯು ಹಳೆಯ ಎಸ್‌ಎಂಬಿಯನ್ನು ಪೂರ್ವನಿಯೋಜಿತ ಆಯ್ಕೆಯಿಂದ ಕೈಬಿಟ್ಟಿತು. 2019ರ ಸಾಂಬಾ 4.11 ಆವೃತ್ತಿಯೂ ಅದನ್ನು ನಿಷ್ಕ್ರಿಯಗೊಳಿಸಿತು. ಹಳೆಯ ಸಂಗ್ರಹ ಪೆಟ್ಟಿಗೆಗಳು ಮತ್ತು ಹಳೆಯ ವಿಂಡೋಸ್ ಗಣಕಗಳು ಹೊಸ ಲಿನಕ್ಸ್ ಗಣಕಗಳೊಡನೆ ಸಂಪರ್ಕ ಸಾಧಿಸದಿರಲು ಇದೇ ಕಾರಣ. ಹಳೆಯ ಆವೃತ್ತಿಯನ್ನು ಮತ್ತೆ ಚಾಲನೆಗೊಳಿಸುವುದರಿಂದ ಕೆಲಸ ನಡೆದರೂ ಜಾಲವು ಅಪಾಯಕ್ಕೆ ತೆರೆದುಕೊಳ್ಳುತ್ತದೆ.

ಕನ್ನಡ ಹೆಸರಿನ ಕಡತಗಳು

ಹೆಸರಿನ ಉದ್ದ

ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಕ್ಸ್ಟ್ 4 ಕಡತ ವ್ಯವಸ್ಥೆಯು ಒಂದು ಕಡತದ ಹೆಸರಿಗೆ 255 ಬೈಟುಗಳ ಮಿತಿಯನ್ನು ವಿಧಿಸುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯ ಮಿತಿಯೂ 255. ಆದರೆ ಅಲ್ಲಿ ಎಣಿಕೆಯಾಗುವುದು ಬೈಟುಗಳಲ್ಲ, ಯುಟಿಎಫ್-16 ಘಟಕಗಳು. ಲಿನಕ್ಸಿನಲ್ಲಿ ಹೆಸರುಗಳನ್ನು ಯುಟಿಎಫ್-8 ಸಂಕೇತದಲ್ಲಿ ಬರೆಯಲಾಗುತ್ತದೆ. ಆ ಸಂಕೇತದಲ್ಲಿ ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಬಿಂದುವಿಗೂ ಮೂರು ಬೈಟುಗಳು ಬೇಕು. ವ್ಯಂಜನ, ಸ್ವರಚಿಹ್ನೆ ಮತ್ತು ವಿರಾಮಚಿಹ್ನೆ (ಹಲಂತ) ಇವೆಲ್ಲವೂ ಪ್ರತ್ಯೇಕ ಬಿಂದುಗಳೇ.

ಚಾಮರಾಜನಗರ ಜಿಲ್ಲೆಯ ಮುಳ್ಳೂರು ಗ್ರಾಮದ ಹೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಓದುವಾಗ "ಮು, ಳ್ಳೂ, ರು" ಎಂಬ ಮೂರೇ ಅಕ್ಷರಗಳು. ಗಣಕದಲ್ಲಿ ಮ, ಉಕಾರ, ಳ, ವಿರಾಮ, ಳ, ಊಕಾರ, ರ, ಉಕಾರ ಎಂದು ಎಂಟು ಬಿಂದುಗಳು. ಒಟ್ಟು 24 ಬೈಟುಗಳು. ಈ ಲೆಕ್ಕದಲ್ಲಿ 255 ಬೈಟುಗಳಲ್ಲಿ ಹಿಡಿಯುವುದು 85 ಕನ್ನಡ ಬಿಂದುಗಳು ಮಾತ್ರ.

"ಚಾಮರಾಜನಗರ ಜಿಲ್ಲೆ ಕೊಳ್ಳೇಗಾಲ ತಾಲ್ಲೂಕು ಮುಳ್ಳೂರು ಗ್ರಾಮದ ಹಿರಿಯ ಪ್ರಾಥಮಿಕ ಶಾಲೆಯ ವಾರ್ಷಿಕೋತ್ಸವದ ಛಾಯಾಚಿತ್ರಗಳು" ಎಂಬ ಹೆಸರಿನಲ್ಲಿ 89 ಕನ್ನಡ ಬಿಂದುಗಳೂ 10 ಖಾಲಿ ಸ್ಥಳಗಳೂ ಇವೆ. ವಿಂಡೋಸಿನ ಲೆಕ್ಕದಲ್ಲಿ ಇದು 99 ಘಟಕಗಳ ಸಾಮಾನ್ಯ ಹೆಸರು. ಲಿನಕ್ಸಿನ ಲೆಕ್ಕದಲ್ಲಿ 277 ಬೈಟುಗಳಾಗಿ ಮಿತಿಯನ್ನು ಮೀರುತ್ತದೆ. ವಿಂಡೋಸ್ ಗಣಕದಲ್ಲಿ ತೊಂದರೆಯಿಲ್ಲದೆ ಸಿದ್ಧವಾದ ಜಿಪ್ ಗಂಟು ಲಿನಕ್ಸ್ ಸರ್ವರಿನ ಕೋಶದಲ್ಲಿ ಬಿಡಿಸಿಕೊಳ್ಳದಿರಲು ಇಂತಹ ಒಂದು ಹೆಸರು ಸಾಕು. ಇಕ್ರಿಪ್ಟ್‌ಎಫ್‌ಎಸ್ ತಂತ್ರದಿಂದ ಗೂಢಲಿಪೀಕರಿಸಿದ ಕೋಶಗಳಲ್ಲಿ ಹೆಸರಿನ ಮಿತಿಯು ಸುಮಾರು 143 ಬೈಟುಗಳಿಗೆ ಇಳಿಯುತ್ತದೆ. ಅಲ್ಲಿ ಹಿಡಿಯುವುದು 47 ಕನ್ನಡ ಬಿಂದುಗಳು.

ಹೆಸರಿನ ಸಂಕೇತೀಕರಣ

ಜಿಪ್ ರೂಪವು ಹುಟ್ಟಿದಾಗ ಕಡತದ ಹೆಸರುಗಳಿಗೆ ಐಬಿಎಂ ಗಣಕಗಳ 437ನೆಯ ಸಂಕೇತಪುಟವೇ ಆಧಾರವಾಗಿತ್ತು. ಅದರಲ್ಲಿ ಕನ್ನಡಕ್ಕೆ ಸ್ಥಾನವಿರಲಿಲ್ಲ. 2006ರಲ್ಲಿ ಜಿಪ್ ನಿರ್ದಿಷ್ಟತೆಯು ಯುಟಿಎಫ್-8 ಹೆಸರುಗಳನ್ನು ಸೂಚಿಸುವ ಗುರುತೊಂದನ್ನು ಸೇರಿಸಿತು. ಆ ಗುರುತನ್ನು ಹಾಕದ ಹಳೆಯ ತಂತ್ರಾಂಶದಲ್ಲಿ ಗಂಟನ್ನು ಕಟ್ಟಿದ್ದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಹೊರಬರುತ್ತವೆ. ಬಿಡಿಸುವ ಗಣಕದ ಭಾಷಾ ಹೊಂದಾಣಿಕೆಯು ಯುಟಿಎಫ್-8 ಆಗಿರದಿದ್ದರೆ ಅನ್‌ಜಿಪ್ ಸಾಧನವು ಪ್ರತಿ ಕನ್ನಡ ಬಿಂದುವಿನ ಬದಲಿಗೆ ಹ್ಯಾಶ್ ಚಿಹ್ನೆ, ಯು ಅಕ್ಷರ ಮತ್ತು ನಾಲ್ಕು ಅಂಕಿಗಳ ಸಂಕೇತವನ್ನು ಬರೆಯುತ್ತದೆ. ಆಗ ಮುಳ್ಳೂರು ಎಂಬ ಹೆಸರು 48 ಚಿಹ್ನೆಗಳ ಸಾಲಾಗುತ್ತದೆ. ಇಂತಹ ಸಂದರ್ಭದಲ್ಲಿ ಕೆಟ್ಟಿರುವುದು ಹೆಸರು ಮಾತ್ರ, ಒಳಗಿನ ದತ್ತಾಂಶವಲ್ಲ. ಭಾಷಾ ಹೊಂದಾಣಿಕೆಯನ್ನು ಸರಿಪಡಿಸಿ ಮತ್ತೆ ಬಿಡಿಸಿದರೆ ಹೆಸರು ಮರಳಿ ದೊರೆಯುತ್ತದೆ, ಮೂಲ ಗಂಟು ಉಳಿದಿದ್ದರೆ.

ಒಂದೇ ರೂಪ, ಎರಡು ಸಂಕೇತ

ಯುನಿಕೋಡಿನಲ್ಲಿ ಕನ್ನಡದ ಈಕಾರ, ಏಕಾರ, ಐಕಾರ, ಒಕಾರ ಮತ್ತು ಓಕಾರಗಳ ಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಬಹುದು: ಒಂದೇ ಬಿಂದುವಾಗಿ, ಇಲ್ಲವೇ ಬಿಡಿ ಭಾಗಗಳ ಜೋಡಣೆಯಾಗಿ. ಆಪಲ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು. ಕೊಳ್ಳೇಗಾಲ ಎಂಬ ಹೆಸರಿನಲ್ಲಿ ಒಕಾರವೂ ಏಕಾರವೂ ಇವೆ. ಕೂಡಿದ ರೂಪದಲ್ಲಿ ಇದು 9 ಬಿಂದುಗಳ 27 ಬೈಟುಗಳು. ಬಿಡಿಸಿದ ರೂಪದಲ್ಲಿ 11 ಬಿಂದುಗಳ 33 ಬೈಟುಗಳು. ಕಣ್ಣಿಗೆ ಎರಡೂ ಒಂದೇ. ಸರ್ವರಿಗೆ ಅವು ಬೇರೆ ಹೆಸರುಗಳು. ಹೀಗಾಗಿ ಒಂದೇ ಕೋಶದಲ್ಲಿ "ಕೊಳ್ಳೇಗಾಲ" ಎಂಬ ಎರಡು ಕಡತಕೋಶಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಂಡು, ಅರ್ಧ ಕಡತಗಳು ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಸೇರಬಹುದು. ಹನೂರು, ಯಳಂದೂರು ಎಂಬ ಹೆಸರುಗಳಲ್ಲಿ ಈ ಐದು ಚಿಹ್ನೆಗಳಿಲ್ಲವಾದ್ದರಿಂದ ಅವುಗಳಿಗೆ ಈ ತೊಂದರೆಯಿಲ್ಲ. "ಸಾಫ್ಟ್‌ವೇರ್" ಮೊದಲಾದ ಪದಗಳಲ್ಲಿ ಒತ್ತಕ್ಷರವನ್ನು ತಡೆಯಲು ಬಳಸುವ ಅಗೋಚರ ಚಿಹ್ನೆಯೂ ಒಂದು ಬಿಂದುವೇ. ಅದೂ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ, ಅದೂ ಹೆಸರನ್ನು ಬೇರೆಯಾಗಿಸುತ್ತದೆ.

ನಿಷಿದ್ಧ ಚಿಹ್ನೆಗಳು

ಲಿನಕ್ಸಿನಲ್ಲಿ ಕಡತದ ಹೆಸರಿಗೆ ಓರೆಗೆರೆ ಮತ್ತು ಶೂನ್ಯ ಬೈಟ್ ಎರಡು ಮಾತ್ರ ನಿಷಿದ್ಧ. ವಿಂಡೋಸಿನಲ್ಲಿ ವಿವರಣ ಚಿಹ್ನೆ (:), ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ, ಕೋನಾವರಣಗಳು, ಲಂಬರೇಖೆ ಮತ್ತು ಹಿಮ್ಮುಖ ಓರೆಗೆರೆ ಇವೂ ನಿಷಿದ್ಧ. ಹೆಸರಿನ ಕೊನೆಯಲ್ಲಿ ಚುಕ್ಕೆಯಾಗಲಿ ಖಾಲಿ ಸ್ಥಳವಾಗಲಿ ಇರಕೂಡದು. ಲೇಖನದ ಶೀರ್ಷಿಕೆಯನ್ನೇ ಕಡತದ ಹೆಸರಾಗಿಸುವಾಗ "ಪಾಠ 3: ನಮ್ಮ ಊರು" ಎಂಬಂತಹ ಹೆಸರುಗಳು ಸಹಜವಾಗಿ ಬರುತ್ತವೆ. ಲಿನಕ್ಸಿನಲ್ಲಿ ಸಿದ್ಧವಾದ ಇಂತಹ ಗಂಟನ್ನು ವಿಂಡೋಸ್ ಸರ್ವರಿನ ಕೋಶಕ್ಕೆ ಬಿಡಿಸುವಾಗ ಆ ಒಂದು ಕಡತದ ಬಳಿ ಕೆಲಸ ನಿಲ್ಲುತ್ತದೆ. ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ವ್ಯತ್ಯಾಸವನ್ನು ವಿಂಡೋಸ್ ಗಣಿಸುವುದಿಲ್ಲವಾದ್ದರಿಂದ, ಆ ವ್ಯತ್ಯಾಸ ಮಾತ್ರವಿರುವ ಎರಡು ಇಂಗ್ಲಿಷ್ ಹೆಸರುಗಳಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕಬಹುದು. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲದಿರುವುದರಿಂದ ಕನ್ನಡ ಹೆಸರುಗಳಿಗೆ ಈ ಅಪಾಯವಿಲ್ಲ.

ದೋಷಪತ್ತೆಯ ಕ್ರಮ

ದೋಷವನ್ನು ಹುಡುಕುವಾಗ ಒಮ್ಮೆಗೆ ಒಂದೇ ಅಂಶವನ್ನು ಪರೀಕ್ಷಿಸುವುದು ಸೂಕ್ತ. ಈ ಕೆಳಗಿನ ಕ್ರಮವು ಸುಲಭದಿಂದ ಕಠಿಣದೆಡೆಗೆ ಸಾಗುತ್ತದೆ.

1. ದೂರದ ಕೋಶದಲ್ಲಿ ಖಾಲಿ ಪಠ್ಯ ಕಡತವೊಂದನ್ನು ಸೃಷ್ಟಿಸಿ ನೋಡುವುದು. ಅದು ಸಾಧ್ಯವಾಗದಿದ್ದರೆ ತೊಂದರೆಯು ನಿಜವಾಗಿಯೂ ಅನುಮತಿಯದು ಅಥವಾ ಸಂಪರ್ಕದ್ದು. ಸಂಕುಚಿತ ಕಡತಕ್ಕೂ ಅದಕ್ಕೂ ಸಂಬಂಧವಿಲ್ಲ.
2. ಅದೇ ಗಂಟನ್ನು ಸ್ವಂತ ಗಣಕದ ಮನೆ ಕೋಶದಲ್ಲಿ ಬಿಡಿಸಿ ನೋಡುವುದು. ಇಲ್ಲಿಯೂ ವಿಫಲವಾದರೆ ಗಂಟೇ ಕೆಟ್ಟಿದೆ, ಅಥವಾ ಅದರ ರೂಪವನ್ನು ತಿಳಿಯುವ ಸಾಧನ ಗಣಕದಲ್ಲಿಲ್ಲ, ಅಥವಾ ಹೆಸರಿನ ಮಿತಿ ಮೀರಿದೆ. ರಾರ್ ರೂಪಕ್ಕೆ ಪ್ರತ್ಯೇಕ ಸಾಧನ ಬೇಕಾಗುವುದು ಸಾಮಾನ್ಯ.
3. ಮನೆ ಕೋಶದಲ್ಲಿ ಬಿಡಿಸಿದ ಕಡತಗಳನ್ನು ದೂರದ ಕೋಶಕ್ಕೆ ನಕಲಿಸಿ ನೋಡುವುದು. ನಕಲು ಯಾವ ಕಡತದ ಬಳಿ ನಿಂತಿತೋ ಆ ಕಡತದ ಹೆಸರು, ಗಾತ್ರ ಮತ್ತು ಬಗೆಯನ್ನು ಪರಿಶೀಲಿಸಬೇಕು.
4. ನಕಲು ಸಂಪೂರ್ಣವಾಗಿ ನಡೆದು ನೇರ ಬಿಡಿಸುವಿಕೆ ಮಾತ್ರ ವಿಫಲವಾದರೆ ತೊಂದರೆಯು ವಿಳಾಸ ಮತ್ತು ಪಥದ ನಡುವಿನದು, ಅಥವಾ ಗುಣಗಳ ಮರುಸ್ಥಾಪನೆಯದು.
5. ಸ್ವಂತ ಗಣಕದಲ್ಲಿಯೂ ದೂರದಲ್ಲಿಯೂ ಉಳಿದಿರುವ ಸ್ಥಳವನ್ನು ನೋಡುವುದು. ಡಿಎಫ್ ಎಂಬ ಆಜ್ಞೆಯು ಈ ಲೆಕ್ಕವನ್ನು ಕೊಡುತ್ತದೆ.

ಮೊದಲ ಮೂರು ಪರೀಕ್ಷೆಗಳಿಗೆ ಆಜ್ಞಾಸಾಲಿನ ಜ್ಞಾನ ಬೇಕಿಲ್ಲ. ಕಡತ ವ್ಯವಸ್ಥಾಪಕದ ಕಿಟಕಿಯಲ್ಲಿಯೇ ಮಾಡಬಹುದು.

ಪರಿಹಾರಗಳು

ಅತ್ಯಂತ ಸರಳವೂ ಸುರಕ್ಷಿತವೂ ಆದ ಪರಿಹಾರವೆಂದರೆ ಮೊದಲು ಸ್ವಂತ ಗಣಕದಲ್ಲಿ ಬಿಡಿಸಿ, ಎಲ್ಲವೂ ಸರಿಯಾಗಿ ಬಂದಿವೆಯೆಂದು ಖಚಿತಪಡಿಸಿಕೊಂಡು, ಅನಂತರ ದೂರದ ಕೋಶಕ್ಕೆ ನಕಲಿಸುವುದು. ಆರ್‌ಸಿಂಕ್ ಸಾಧನದಿಂದ ನಕಲಿಸಿದರೆ, ನಡುವೆ ಸಂಪರ್ಕ ಕಡಿದುಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟಾಗ ಈಗಾಗಲೇ ತಲುಪಿದ ಕಡತಗಳನ್ನು ಬಿಟ್ಟು ಉಳಿದವು ಮಾತ್ರ ಸಾಗುತ್ತವೆ.

ಈ ಕೆಲಸವನ್ನು ನಿತ್ಯವೂ ಮಾಡಬೇಕಾದ ಕಚೇರಿ ಅಥವಾ ಪ್ರಯೋಗಾಲಯದಲ್ಲಿ ದೂರದ ಕೋಶವನ್ನು ಜಿವಿಎಫ್‌ಎಸ್ ಮೂಲಕ ತೆರೆಯುವ ಬದಲು ಲಿನಕ್ಸ್ ತಿರುಳಿನ ಮೂಲಕವೇ ಶಾಶ್ವತವಾಗಿ ಜೋಡಿಸುವುದು ಉತ್ತಮ. ಹೀಗೆ ಜೋಡಿಸಿದ ಕೋಶಕ್ಕೆ ಸಾಮಾನ್ಯ ಪಥ ದೊರೆಯುವುದರಿಂದ ಎಲ್ಲ ಸಾಧನಗಳೂ ಅದನ್ನು ಬಳಸಬಲ್ಲವು. ಜೋಡಿಸುವಾಗ ಬಳಕೆದಾರರ ಗುರುತುಸಂಖ್ಯೆ ಮತ್ತು ಗುಂಪಿನ ಸಂಖ್ಯೆಯನ್ನು ನಮೂದಿಸದಿದ್ದರೆ ಕಡತಗಳೆಲ್ಲ ಮೇಲ್ವಿಚಾರಕರ ಒಡೆತನದಲ್ಲಿ ಕಾಣಿಸಿಕೊಂಡು ಸಾಮಾನ್ಯ ಬಳಕೆದಾರರು ಬರೆಯಲಾರದೆ ಹೋಗಬಹುದು.

ಸರ್ವರಿನೊಳಗೆ ಎಸ್‌ಎಸ್‌ಎಚ್ ಮೂಲಕ ಪ್ರವೇಶವಿದ್ದರೆ ಗಂಟನ್ನು ಹಾಗೆಯೇ ಕಳುಹಿಸಿ ಅಲ್ಲಿಯೇ ಬಿಡಿಸುವುದು ಅತ್ಯಂತ ವೇಗದ ಮಾರ್ಗ. ಸಾವಿರಾರು ಸಣ್ಣ ಕಡತಗಳಿರುವ ಗಂಟಿನಲ್ಲಿ ಪ್ರತಿ ಕಡತಕ್ಕೂ ಜಾಲದ ಮೂಲಕ ಹಲವು ಬಾರಿ ಪ್ರಶ್ನೋತ್ತರ ನಡೆಯಬೇಕಾಗುವುದರಿಂದ ನೇರ ಬಿಡಿಸುವಿಕೆಯು ನಿಧಾನವಾಗುತ್ತದೆ. ಒಂದೇ ಗಂಟನ್ನು ಸಾಗಿಸಿದರೆ ಆ ವಿಳಂಬವಿರುವುದಿಲ್ಲ.

ಹೆಸರುಗಳಿಂದ ಹುಟ್ಟುವ ತೊಂದರೆಗೆ ಗಂಟು ಕಟ್ಟುವವರಲ್ಲಿಯೇ ಪರಿಹಾರವಿದೆ. ಕೋಶದ ಹೆಸರಿನಲ್ಲಿ ಜಿಲ್ಲೆ ಮತ್ತು ತಾಲ್ಲೂಕನ್ನು, ಕಡತದ ಹೆಸರಿನಲ್ಲಿ ವಿಷಯವನ್ನು ಮಾತ್ರ ಬರೆದರೆ ಯಾವ ಹೆಸರೂ ಮಿತಿಯನ್ನು ಮುಟ್ಟುವುದಿಲ್ಲ. 255 ಬೈಟುಗಳ ಮಿತಿಯು ಕೋಶ ಮತ್ತು ಕಡತಗಳ ಪ್ರತಿ ಹೆಸರಿಗೂ ಪ್ರತ್ಯೇಕವಾಗಿ ಅನ್ವಯಿಸುವುದೇ ಇದಕ್ಕೆ ಕಾರಣ. ಕನ್ನಡ ಹೆಸರನ್ನು ಕೈಬಿಟ್ಟು ಇಂಗ್ಲಿಷಿನಲ್ಲಿಯೇ ಬರೆಯಬೇಕಾದ ಅಗತ್ಯವಿಲ್ಲ.

ಪರಿಶೀಲನೆ ಮತ್ತು ಎಚ್ಚರಿಕೆಗಳು

ಅರ್ಧಕ್ಕೆ ನಿಂತ ಬಿಡಿಸುವಿಕೆಯು ಪೂರ್ಣವಾದಂತೆ ತೋರುವುದು ಈ ವಿಷಯದಲ್ಲಿನ ದೊಡ್ಡ ಅಪಾಯ. ಕೋಶದಲ್ಲಿ ಕಡತಗಳು ಕಾಣಿಸುತ್ತವೆ, ಹೆಸರುಗಳೂ ಸರಿಯಾಗಿರುತ್ತವೆ. ಆದರೆ ಕೊನೆಯ ಕಡತವು ಅಪೂರ್ಣವಾಗಿರಬಹುದು, ಅದರ ಮುಂದಿನವು ಬಂದೇ ಇರದಿರಬಹುದು. ಈ ಸ್ಥಿತಿಯಲ್ಲಿ ಮೂಲ ಗಂಟನ್ನು ಅಳಿಸಿದರೆ ಉಳಿದ ದತ್ತಾಂಶ ಶಾಶ್ವತವಾಗಿ ನಷ್ಟವಾಗುತ್ತದೆ. ಗಂಟಿನಲ್ಲಿರುವ ಕಡತಗಳ ಸಂಖ್ಯೆಯನ್ನೂ ದೂರದ ಕೋಶದಲ್ಲಿರುವ ಕಡತಗಳ ಸಂಖ್ಯೆಯನ್ನೂ, ಒಟ್ಟು ಗಾತ್ರವನ್ನೂ ಹೋಲಿಸಿ ನೋಡುವವರೆಗೆ ಮೂಲ ಗಂಟನ್ನು ಅಳಿಸಬಾರದು. ಜಿಪ್ ಗಂಟಿನಲ್ಲಿ ಪ್ರತಿ ಕಡತಕ್ಕೂ ಸಿಆರ್‌ಸಿ-32 ಎಂಬ ತಪಾಸಣಾ ಸಂಖ್ಯೆ ಇರುತ್ತದೆ. ಅನ್‌ಜಿಪ್ ಸಾಧನದ ಪರೀಕ್ಷಾ ಆಯ್ಕೆಯು ಇದರ ಆಧಾರದಿಂದ ಗಂಟು ದೋಷರಹಿತವೇ ಎಂದು ತಿಳಿಸುತ್ತದೆ. ಮಹತ್ವದ ದಾಖಲೆಗಳಿಗೆ ಎರಡೂ ಕಡೆಯ ಕಡತಗಳ ಎಸ್‌ಎಚ್‌ಎ-256 ಮೌಲ್ಯಗಳನ್ನು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ.

ಅನುಮತಿಯ ತೊಂದರೆಯನ್ನು ಬೇಗ ನಿವಾರಿಸುವ ಉದ್ದೇಶದಿಂದ ಎಲ್ಲರಿಗೂ ಎಲ್ಲ ಹಕ್ಕುಗಳನ್ನು ಕೊಡುವ 777 ಎಂಬ ಸಂಖ್ಯೆಯನ್ನು ಹಂಚಿಕೊಂಡ ಕೋಶಕ್ಕೆ ಹೊಂದಿಸುವುದು ರೂಢಿಯಲ್ಲಿದೆ. ಇದರಿಂದ ಜಾಲದಲ್ಲಿರುವ ಯಾರಾದರೂ ಕಡತಗಳನ್ನು ತಿದ್ದಲು ಅಥವಾ ಅಳಿಸಲು ಸಾಧ್ಯವಾಗಬಹುದು. ವಿದ್ಯಾರ್ಥಿಗಳ ಅಂಕಪಟ್ಟಿಗಳಂತಹ ದಾಖಲೆಗಳಿರುವ ಕೋಶಕ್ಕೆ ಇದು ತಕ್ಕುದಲ್ಲ. ಬೇಕಾದವರನ್ನು ಮಾತ್ರ ಒಂದು ಗುಂಪಿಗೆ ಸೇರಿಸಿ ಆ ಗುಂಪಿಗೆ ಬರೆಯುವ ಹಕ್ಕು ಕೊಡುವುದು ಸರಿಯಾದ ಕ್ರಮ.

ಶಾಲೆಗಳಲ್ಲಿ ಬಳಕೆ

ಕನ್ನಡ ವಿದ್ಯಾರ್ಥಿಗಳು ಲಿನಕ್ಸ್ ಗಣಕವನ್ನು ಪಠ್ಯದ ಭಾಗವಾಗಿಯೇ ಬಳಸುವ ಪ್ರದೇಶಗಳಲ್ಲಿ ಕಾಸರಗೋಡು ಪ್ರಮುಖವಾದುದು. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು ಕಾಲಕ್ರಮೇಣ ಸ್ವತಂತ್ರ ತಂತ್ರಾಂಶಗಳಿಗೆ ಪೂರ್ಣವಾಗಿ ಬದಲಾಯಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಗಿ ರೂಪಾಂತರಗೊಂಡಿತು. ಅಲ್ಲಿನ ಶಾಲೆಗಳಿಗೆ ಉಬುಂಟು ಆಧಾರಿತ ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿ ಕೊಡಲಾಗುತ್ತದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯಲ್ಲಿ ಸೇರಿವೆ. ಕರ್ನಾಟಕದಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಕೆಯಾಯಿತು.

ಶಾಲೆಯ ಪ್ರಯೋಗಾಲಯದಲ್ಲಿ ಒಂದು ಗಣಕದ ಕೋಶವನ್ನು ಉಳಿದ ಗಣಕಗಳೊಡನೆ ಹಂಚಿಕೊಂಡು ಪಾಠದ ಸಾಮಗ್ರಿಯನ್ನು ಅಲ್ಲಿ ಇಡುವುದು ಅನುಕೂಲಕರ. ಆ ಸಾಮಗ್ರಿಯು ಬೇರೊಂದು ವ್ಯವಸ್ಥೆಯ ಗಣಕದಲ್ಲಿ ಕಟ್ಟಿದ ಜಿಪ್ ಗಂಟಾಗಿ ಬಂದರೆ ಮೇಲೆ ವಿವರಿಸಿದ ತೊಡಕುಗಳು ಎದುರಾಗಬಹುದು. ಗಣಕವು ಅನುಮತಿಯಿಲ್ಲವೆಂದು ಹೇಳಿದಾಗ, ಕಾರಣವು ಕಡತಕ್ಕೆ ಇಟ್ಟ ಉದ್ದನೆಯ ಕನ್ನಡ ಹೆಸರೋ, ವಿಳಾಸದ ರೂಪವೋ, ನಿಜವಾದ ಅನುಮತಿಯೋ ಎಂಬುದನ್ನು ಮೇಲಿನ ಮೂರು ಸರಳ ಪರೀಕ್ಷೆಗಳು ಬೇರ್ಪಡಿಸಿ ತೋರಿಸುತ್ತವೆ.

ಇವನ್ನೂ ನೋಡಿ

ಸಾಂಬಾ (ತಂತ್ರಾಂಶ)
ಯುನಿಕೋಡ್
ಯುಟಿಎಫ್-8
ಜಿಪ್ (ಕಡತ ರೂಪ)
ಉಬುಂಟು